ಲೇಬಲ್ ಮುಚ್ಚಿದ ಆ ಮಧ್ಯಾಹ್ನ

1976ರ ಮೇ 24. ಪ್ಯಾರಿಸ್‌ನ ಇಂಟರ್‌ಕಾಂಟಿನೆಂಟಲ್ ಹೋಟೆಲ್. ಅಲ್ಲೊಂದು ವೈನ್ ರುಚಿ ನೋಡುವ ಕಾರ್ಯಕ್ರಮ. ಪತ್ರಿಕೆಗಳಿಗೆಲ್ಲ ಆಹ್ವಾನ ಹೋಗಿತ್ತು. ಬಂದ ಪತ್ರಕರ್ತರು ಎಷ್ಟು ಜನ ಗೊತ್ತಾ? ಒಬ್ಬರು. ಒಬ್ಬರೇ ಒಬ್ಬರು.

ಮಿಕ್ಕವರು ಯಾಕೆ ಬರಲಿಲ್ಲ? ಅಲ್ಲಿ ಸುದ್ದಿ ಇಲ್ಲ ಅಂದುಕೊಂಡರು. ಒಂದು ಕಡೆ ಫ್ರಾನ್ಸಿನ ವೈನ್, ಇನ್ನೊಂದು ಕಡೆ ಅಮೆರಿಕದ ಕ್ಯಾಲಿಫೋರ್ನಿಯಾದ ವೈನ್. ತೀರ್ಪುಗಾರರು ಒಂಬತ್ತು ಜನ, ಅಷ್ಟೂ ಜನ ಫ್ರೆಂಚರು. ಗೆಲ್ಲೋದು ಯಾರು ಅಂತ ಹೋಗಿ ನೋಡಬೇಕಾ? ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಸುದ್ದಿಮನೆಯಲ್ಲಿ ನಾವು ದಿನಾ ಮಾಡುವ ತಪ್ಪು ಇದೇ ನೋಡಿ. ಫಲಿತಾಂಶ ಗೊತ್ತಿದೆ ಅನ್ನಿಸಿದ ಕಡೆಗೆ ನಾವು ಕ್ಯಾಮೆರಾ ಕಳಿಸೋದಿಲ್ಲ. ಆ ದಿನ ಹೋಗಿದ್ದ ಆ ಒಬ್ಬ ಪತ್ರಕರ್ತ ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಅವರಿಗೆ ಸಿಕ್ಕಿದ ಸುದ್ದಿ ಇವತ್ತಿಗೂ ಜಗತ್ತಿನ ವೈನ್ ಅಂಗಡಿಗಳ ಕಪಾಟಿನಲ್ಲಿ ಕೂತಿದೆ. ಅಲ್ಲಿ ಏನಾಯ್ತು ಅಂತ ಹೇಳ್ತೀನಿ. ಅದಕ್ಕೆ ಮೊದಲು ನನ್ನದೇ ಒಂದು ಪೇಚಾಟ ಹೇಳಬೇಕು.

ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಬರುವಾಗ ಒಂದು ಒಳ್ಳೆ ರೆಡ್ ವೈನ್ ತಗೊಂಡು ಬಾ ಅಂದರು. ಹೋದೆ. ಅಂಗಡಿಯ ಕಪಾಟಿನ ಮುಂದೆ ನಿಂತೆ. 600 ರೂಪಾಯಿಯಿಂದ ಶುರುವಾಗಿ 10 ಸಾವಿರ ದಾಟುವ ಬಾಟಲಿಗಳು. ಎಲ್ಲವೂ ಕೆಂಪೇ. ಎಲ್ಲದರ ಮೇಲೂ ಓದಲಾಗದ ಹೆಸರು, ಒಂದು ಕೋಟೆಯ ಚಿತ್ರ. ಅಂಗಡಿಯ ಹುಡುಗ ಬಂದು ಕೇಳಿದ ಮೊದಲ ಪ್ರಶ್ನೆ: "ಬಜೆಟ್ ಎಷ್ಟು ಸರ್?"

ಊಟಕ್ಕೆ ಏನಿದೆ ಅಂತ ಕೇಳಲಿಲ್ಲ. ಹುಳಿ ಇಷ್ಟವೋ ಒಗರು ಇಷ್ಟವೋ ಅಂತ ಕೇಳಲಿಲ್ಲ. ಬಜೆಟ್ ಎಷ್ಟು! ನಾನು ಕೂಡ ಏನು ಮಾಡಿದೆ? ದುಬಾರಿ ಕಡೆಗೆ ಕೈ ಚಾಚಿದೆ. ನನಗೆ ಗೊತ್ತಿಲ್ಲದ್ದನ್ನು ಬೆಲೆಗೆ ಗೊತ್ತಿರುತ್ತೆ ಅನ್ನುವ ನಂಬಿಕೆ. ಊಟದ ಮನೆಯಲ್ಲಿ ಗೆಳೆಯನ ತಂದೆ ಒಂದು ಗುಟುಕು ಕುಡಿದು "ಪರವಾಗಿಲ್ಲ ಕಣಪ್ಪ, ಎಷ್ಟು ಕೊಟ್ಟೆ?" ಅಂದರು. ಹೇಳಿದೆ. ಇನ್ನೊಂದು ಗುಟುಕು ಕುಡಿದರು. "ಆಹಾ, ಬಹಳ ಚೆನ್ನಾಗಿದೆ!" ಅಂದರು.

ಎರಡು ಗುಟುಕಿನ ನಡುವೆ ವೈನ್ ಬದಲಾಗಿರಲಿಲ್ಲ ಸ್ವಾಮಿ. ಬದಲಾದದ್ದು ಅವರಿಗೆ ಗೊತ್ತಿದ್ದ ರೇಟು ಮಾತ್ರ.

ಇದನ್ನೆಲ್ಲ ಹೇಳ್ತಾ ಇರೋದು ಕುಡಿಯಿರಿ ಅನ್ನೋದಕ್ಕಲ್ಲ. ಕುಡಿಯದವರು ಕುಡಿಯದೇ ಇರಿ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳುವವನು ತಾನು ಯಾವುದಕ್ಕೆ ದುಡ್ಡು ಕೊಡ್ತಿದ್ದೇನೆ ಅಂತ ತಿಳಿದುಕೊಳ್ಳಬೇಕಲ್ವಾ? ಆ ಬಾಟಲಿಯ ಮೇಲಿನ ಬೆಲೆಗೆ ಒಂದು ಇತಿಹಾಸವಿದೆ.

ಆ ಇತಿಹಾಸ ಶುರುವಾಗೋದು ಫ್ರಾನ್ಸಿನ ಬೋರ್ಡೋದಲ್ಲಿ. ಅದು ಬಂದರು ಪಟ್ಟಣ. 1152ರಲ್ಲಿ ಆ ಸೀಮೆಯ ಒಡತಿ ಎಲಿನೋರ್, ಮುಂದೆ ಇಂಗ್ಲೆಂಡಿನ ರಾಜನಾದ ಹೆನ್ರಿಯನ್ನು ಮದುವೆಯಾದಳು. ಮುಂದಿನ ಮುನ್ನೂರು ವರ್ಷ, ಅಂದರೆ 1453ರವರೆಗೆ ಬೋರ್ಡೋ ಇಂಗ್ಲೆಂಡಿನ ಕೈಯಲ್ಲಿತ್ತು. ಬೆಳೆಯೋರು ಫ್ರೆಂಚರು, ಕುಡಿಯೋರು ಇಂಗ್ಲಿಷರು. ನಡುವೆ ಹಡಗು, ವರ್ತಕರು, ದಲ್ಲಾಳಿಗಳು. ಆಳ್ವಿಕೆ ಹೋದರೂ ವ್ಯಾಪಾರ ನಿಲ್ಲಲಿಲ್ಲ. ಯಾವ ತೋಟದ ವೈನ್ ಲಂಡನ್ನಿನಲ್ಲಿ ಎಷ್ಟಕ್ಕೆ ಹೋಯಿತು ಅನ್ನುವ ಲೆಕ್ಕ ದಲ್ಲಾಳಿಗಳ ಖಾತೆ ಪುಸ್ತಕದಲ್ಲಿ ವರ್ಷ ವರ್ಷವೂ ಸೇರುತ್ತಾ ಹೋಯಿತು.

ಈಗ 1855ಕ್ಕೆ ಬನ್ನಿ. ಚಕ್ರವರ್ತಿ ಮೂರನೇ ನೆಪೋಲಿಯನ್ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಸಿದ. ಬೋರ್ಡೋದ ವೈನ್ ಅಲ್ಲಿ ಇಡಬೇಕು. ಯಾವ ತೋಟ ಮೇಲು, ಯಾವುದು ಕೆಳಗೆ ಅಂತ ಒಂದು ಪಟ್ಟಿ ಬೇಕು. ಬೋರ್ಡೋ ವಾಣಿಜ್ಯ ಮಂಡಳಿ ಏಪ್ರಿಲ್ 5ರಂದು ದಲ್ಲಾಳಿಗಳಿಗೆ ಕಾಗದ ಬರೆಯಿತು. ಏಪ್ರಿಲ್ 18ಕ್ಕೆ ಪಟ್ಟಿ ಕೈಗೆ ಬಂತು. ಎರಡು ವಾರವೂ ಆಗಿರಲಿಲ್ಲ!

ಅಷ್ಟು ಬೇಗ ಹೇಗೆ? ಅವರು ಇದಕ್ಕೆಂದು ಹೊಸದಾಗಿ ಸ್ಪರ್ಧೆ ನಡೆಸಲಿಲ್ಲ, ಲೋಟ ಹಿಡಿದು ಅಂಕ ಹಾಕಲಿಲ್ಲ. ಖಾತೆ ಪುಸ್ತಕ ತೆಗೆದರು. ಯಾವುದು ಹೆಚ್ಚು ಬೆಲೆಗೆ ಹೋಗಿದೆಯೋ ಅದು ಒಂದನೇ ದರ್ಜೆ. ಅದಕ್ಕಿಂತ ಸ್ವಲ್ಪ ಕಡಿಮೆಗೆ ಹೋದದ್ದು ಎರಡನೇ ದರ್ಜೆ. ಹೀಗೆ ಐದು ದರ್ಜೆ. ಒಂದನೇ ದರ್ಜೆಯಲ್ಲಿ ನಾಲ್ಕೇ ಹೆಸರು: ಲಫೀತ್, ಲತೂರ್, ಮಾರ್ಗೋ, ಓ ಬ್ರಿಯೋನ್.

ಇದು ಮೋಸವಾ? ಪೂರ್ತಿ ಹಾಗೆ ಹೇಳೋಕಾಗಲ್ಲ. ದಶಕಗಟ್ಟಲೆ ಜನ ಹೆಚ್ಚು ದುಡ್ಡು ಕೊಟ್ಟು ಕೊಂಡಿದ್ದಾರೆ ಅಂದರೆ ಅದರಲ್ಲಿ ರುಚಿ ಇರಲೇಬೇಕು. ಈ ಪಟ್ಟಿಗೆ ಸುಮಾರು 70 ವರ್ಷ ಮೊದಲು, 1787ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಬೋರ್ಡೋಗೆ ಹೋಗಿದ್ದರು. ಅವರೂ ಇದೇ ನಾಲ್ಕು ತೋಟಗಳನ್ನು ಮೇಲ್ದರ್ಜೆ ಅಂತ ಬರೆದುಕೊಂಡಿದ್ದರು. ದಲ್ಲಾಳಿಗಳು ಸುಳ್ಳು ಹೇಳಲಿಲ್ಲ. ಆವತ್ತಿನ ಮಾರುಕಟ್ಟೆಯ ಫೋಟೋ ತೆಗೆದರು, ಅಷ್ಟೇ.

ತಪ್ಪು ಆದದ್ದು ಆಮೇಲೆ. ಆ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದುಬಿಟ್ಟರು. ಇನ್ನು ಅಲುಗಾಡೋ ಹಾಗಿಲ್ಲ! ಮೊದಲು ಬೆಲೆ ಇದ್ದದ್ದರಿಂದ ದರ್ಜೆ ಬಂತು. ಈಗ ದರ್ಜೆ ಇರುವುದರಿಂದ ಬೆಲೆ ಬರತೊಡಗಿತು. ಮಾಲೀಕರು ಬದಲಾದರು. ತೋಟದ ಗಡಿ ಬದಲಾಯಿತು. ದರ್ಜೆ ಇರೋದು ಮಣ್ಣಿಗಲ್ಲ, ಹೆಸರಿಗೆ. ಹಾಗಾಗಿ ಅದೇ ಊರಿನ ಪಕ್ಕದ ಜಮೀನು ಕೊಂಡು ಸೇರಿಸಿಕೊಂಡರೆ ಅದರ ದ್ರಾಕ್ಷಿಯೂ ಆ ಹೆಸರಿನಡಿ ಬರಬಹುದು. ಜಮೀನು ಹೊಸದು, ದರ್ಜೆ 1855ರದು.

ನಮ್ಮ ಟಿವಿಯವರ ಟಿಆರ್‌ಪಿ ಕಥೆಯೂ ಹೀಗೇ ಅಲ್ವಾ? ಟಿಆರ್‌ಪಿ ಇದ್ದವನಿಗೆ ಜಾಹೀರಾತು. ಜಾಹೀರಾತಿನ ದುಡ್ಡು ಇದ್ದವನಿಗೆ ದೊಡ್ಡ ಸ್ಟುಡಿಯೋ, ಎಲ್ಲ ಕಡೆ ಹೋರ್ಡಿಂಗ್. ಅದರಿಂದ ಮತ್ತೆ ಟಿಆರ್‌ಪಿ. ಕಾರ್ಯಕ್ರಮ ಹೇಗಿದೆ ಅನ್ನೋ ಪ್ರಶ್ನೆ ಕೊನೆಗೆ ಬರುತ್ತೆ, ಬಂದರೆ.

ಆ ಪಟ್ಟಿಯನ್ನು ಅಲುಗಾಡಿಸಲು ಏನು ಬೇಕಾಯ್ತು ಗೊತ್ತಾ? ಮೂತೋನ್ ಅನ್ನುವ ತೋಟ 1855ರಲ್ಲಿ ಎರಡನೇ ದರ್ಜೆಗೆ ಬಿದ್ದಿತ್ತು. ಅದರ ಮಾಲೀಕ ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್, ಜಗತ್ತಿಗೇ ಗೊತ್ತಿರುವ ಶ್ರೀಮಂತ ಮನೆತನದವರು. ಒಂದನೇ ದರ್ಜೆ ಕೊಡಿ ಅಂತ ದಶಕಗಟ್ಟಲೆ ಹೋರಾಡಿದರು. ಕೊನೆಗೆ 1973ರಲ್ಲಿ ಆದೇಶ ಬಂತು. ಸಹಿ ಹಾಕಿದ ಕೃಷಿ ಸಚಿವರು ಮುಂದೆ ರಾಷ್ಟ್ರಾಧ್ಯಕ್ಷರಾದ ಜಾಕ್ ಶಿರಾಕ್. ರಾಥ್‌ಶೀಲ್ಡ್ ಮನೆತನಕ್ಕೇ 118 ವರ್ಷ! ಸಾಮಾನ್ಯ ರೈತನ ಗತಿ ಏನು?

ಆ ಪಟ್ಟಿ ಬಂದು ಹತ್ತಿಪ್ಪತ್ತು ವರ್ಷದೊಳಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಮಾರಿ ಬಡಿಯಿತು. ಫೈಲೋಕ್ಸೆರಾ ಅನ್ನುವ ಸಣ್ಣ ಹೇನು. ಅಮೆರಿಕದ ಬಳ್ಳಿಗಳ ಜೊತೆ ಹಡಗಿನಲ್ಲಿ ಬಂದದ್ದು. 1860ರ ದಶಕದಲ್ಲಿ ಬೇರು ಕಚ್ಚತೊಡಗಿತು. ತೋಟಕ್ಕೆ ತೋಟವೇ ಒಣಗಿತು. ಏನೇನೋ ಔಷಧ ಹಾಕಿದರು. ಕೊನೆಗೆ ದಕ್ಕಿದ ಉಪಾಯ ಒಂದೇ: ಈ ಹೇನನ್ನು ತಡೆದುಕೊಳ್ಳುವ ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟುವುದು. ನಮ್ಮಲ್ಲಿ ಮಾವಿಗೆ ಕಸಿ ಕಟ್ಟೋ ಹಾಗೆ. ಇವತ್ತಿಗೂ ಬೋರ್ಡೋದ ಬಹುಪಾಲು ತೋಟಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಮೇಲೆ ಕುಲೀನ ಫ್ರೆಂಚ್ ಹೆಸರು, ಕೆಳಗೆ ಅಮೆರಿಕದ ಕಾಡು ಬಳ್ಳಿ. ಲೇಬಲ್ಲಿನಲ್ಲಿ ಇದನ್ನು ಯಾರೂ ಬರೆಯೋದಿಲ್ಲ.

ಈ ಹಿನ್ನೆಲೆ ಇಟ್ಟುಕೊಂಡು ಈಗ ಆ ಹೋಟೆಲ್ಲಿಗೆ ವಾಪಸ್ ಬನ್ನಿ.

ಕಾರ್ಯಕ್ರಮ ಮಾಡಿದವರು ಸ್ಟೀವನ್ ಸ್ಪರಿಯರ್. ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಇಂಗ್ಲಿಷ್ ಮನುಷ್ಯ. ಜೊತೆಗೆ ಅವರ ಅಮೆರಿಕನ್ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಹರ್. ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬುತ್ತಿತ್ತು. ಆ ನೆಪದಲ್ಲಿ ಕ್ಯಾಲಿಫೋರ್ನಿಯಾದ ಹೊಸ ಹುಡುಗರ ವೈನನ್ನು ಫ್ರೆಂಚರಿಗೆ ಒಮ್ಮೆ ತೋರಿಸೋಣ ಅಂತ ಆಲೋಚನೆ. ಸೋಲಿಸಬೇಕು ಅಂತೇನೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಬಾಟಲಿಗಳನ್ನು ಒಂದು ಪ್ರವಾಸಿ ತಂಡದವರು ತಮ್ಮ ಲಗೇಜಿನಲ್ಲಿ ಹೊತ್ತು ತಂದುಕೊಟ್ಟರು. ಅಷ್ಟು ಸಣ್ಣ ಏರ್ಪಾಡು.

ತೀರ್ಪುಗಾರರು ಮಾತ್ರ ಸಣ್ಣವರಲ್ಲ. ದೊಡ್ಡ ಹೋಟೆಲಿನ ಮಾಲೀಕರು, ಹೆಸರಾಂತ ಬಾಣಸಿಗರು, ವೈನ್ ಪತ್ರಿಕೆಯ ಸಂಪಾದಕಿ, ಸ್ವತಃ ತೋಟದ ಒಡೆಯರು. ಸ್ಪರಿಯರ್ ಮಾಡಿದ್ದು ಒಂದೇ ಕೆಲಸ: ಲೇಬಲ್ ಕಾಣದ ಹಾಗೆ ಮಾಡಿದರು. ಯಾವ ಲೋಟದಲ್ಲಿ ಯಾವುದಿದೆ ಅಂತ ತೀರ್ಪುಗಾರರಿಗೆ ಗೊತ್ತಿಲ್ಲ. ಟೇಬರ್ ಕೈಯಲ್ಲಿ ಮಾತ್ರ ಪಟ್ಟಿ ಇತ್ತು.

ಟೇಬರ್ ನೋಡ್ತಾ ಇದ್ದಾರೆ. ಒಬ್ಬ ಹೆಸರಾಂತ ಬಾಣಸಿಗರು ಬಿಳಿ ವೈನಿನ ಲೋಟ ಎತ್ತಿ, ಒಂದು ಗುಟುಕು ಹೀರಿ, ಇದು ನಮ್ಮ ಫ್ರಾನ್ಸಿನದೇ ಅಂತ ಸಂತೋಷಪಟ್ಟರು. ಟೇಬರ್ ಪಟ್ಟಿ ನೋಡಿದರು. ಅದು ಕ್ಯಾಲಿಫೋರ್ನಿಯಾದ್ದು! ಆ ಕ್ಷಣಕ್ಕೆ ಅವರಿಗೆ ಗೊತ್ತಾಯಿತು, ಇಲ್ಲಿ ಸುದ್ದಿ ಇದೆ ಅಂತ.

ಬಿಳಿ ವೈನಿನಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಶಾತೋ ಮಾಂಟೆಲೀನಾ. ಆ ಫಲಿತಾಂಶ ಹೇಳಿದ ಮೇಲೆ ಕೆಂಪು ವೈನ್ ಸರದಿ. ಈಗ ತೀರ್ಪುಗಾರರು ಮೈಯೆಲ್ಲ ಕಣ್ಣಾಗಿ ಕೂತಿದ್ದರು. ಹತ್ತು ಕೆಂಪು ವೈನ್: ಆರು ಕ್ಯಾಲಿಫೋರ್ನಿಯಾದವು, ನಾಲ್ಕು ಬೋರ್ಡೋದವು. ಆ ನಾಲ್ಕರಲ್ಲಿ ಒಂದನೇ ದರ್ಜೆಯ ಮೂತೋನ್ ಮತ್ತು ಓ ಬ್ರಿಯೋನ್ ಇದ್ದವು. ಗೆದ್ದದ್ದು? ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್, 1973. ನಾಪಾ ಕಣಿವೆಯದು. ತಯಾರಿಸಿದವರು ವಾರನ್ ವಿನಿಯಾರ್ಸ್ಕಿ, ಷಿಕಾಗೋದಲ್ಲಿ ಪಾಠ ಹೇಳ್ತಿದ್ದ ಮೇಷ್ಟ್ರು. ಆ ಕೆಲಸ ಬಿಟ್ಟು ಬಂದು ದ್ರಾಕ್ಷಿ ನೆಟ್ಟವರು. ಬಳ್ಳಿಗಳಿಗೆ ಆಗ ಮೂರು ವರ್ಷ ವಯಸ್ಸು! ಎರಡನೇ ಸ್ಥಾನ ಮೂತೋನ್‌ಗೆ. ದರ್ಜೆ ಏರಲು 118 ವರ್ಷ ಕಾದ ಮೂತೋನ್, ಏರಿದ ಮೂರೇ ವರ್ಷಕ್ಕೆ ಹೆಸರಿಲ್ಲದ ಹುಡುಗನ ಕೈಲಿ ಸೋತಿತು.

ಫಲಿತಾಂಶ ಕೇಳಿ ಸಂಪಾದಕಿ ಓಡೆಟ್ ಕಾನ್ ತಮ್ಮ ಅಂಕಪಟ್ಟಿ ವಾಪಸ್ ಕೊಡಿ ಅಂದರಂತೆ. ಸ್ಪರಿಯರ್ ಕೊಡಲಿಲ್ಲ. ಸೋತವರು ವಾದ ಶುರು ಮಾಡಿದರು. ನಮ್ಮ ವೈನ್ ಇನ್ನೂ ಎಳೆಯದು, ಹತ್ತಿಪ್ಪತ್ತು ವರ್ಷ ಇಟ್ಟರೆ ನಿಜವಾದ ಗುಣ ಗೊತ್ತಾಗೋದು ಅಂತ. ನ್ಯಾಯವಾದ ಮಾತೇ. ಬೋರ್ಡೋ ವೈನ್ ನಿಧಾನಕ್ಕೆ ಹದಕ್ಕೆ ಬರುತ್ತೆ. ಅಂಕದ ಅಂತರವೂ ಕೂದಲೆಳೆಯಷ್ಟೇ ಇತ್ತು. ಸರಿ, 30 ವರ್ಷ ಕಾದರು. 2006ರಲ್ಲಿ ಅದೇ ಕೆಂಪು ವೈನುಗಳನ್ನು ಲಂಡನ್ ಮತ್ತು ನಾಪಾದಲ್ಲಿ ಮತ್ತೆ ಲೇಬಲ್ ಮುಚ್ಚಿ ರುಚಿ ನೋಡಿದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ! ಮೊದಲನೆಯದು ರಿಜ್ ಮಾಂಟೆ ಬೆಲ್ಲೋ 1971. ವಾದ ಅಲ್ಲಿಗೆ ಮುಗೀತು.

ಟೇಬರ್ ಬರೆದ ಸುದ್ದಿ 1976ರ ಜೂನ್ 7ರ ಸಂಚಿಕೆಯಲ್ಲಿ ಬಂತು. ಮುಖಪುಟದಲ್ಲಲ್ಲ. ಒಳಪುಟದಲ್ಲಿ, ಕೆಲವೇ ಪ್ಯಾರಾ. ಅದು ಸಾಕಾಯಿತು. ಆ ಗೆದ್ದ ವೈನುಗಳ ಬಾಟಲಿ ಇವತ್ತು ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಚಿಲಿಯವರು, ಅರ್ಜೆಂಟೀನಾದವರು, ಆಸ್ಟ್ರೇಲಿಯಾದವರು, ಎಲ್ಲರಿಗೂ ಧೈರ್ಯ ಬಂತು. ಅವರಿಗೆ ಮಾಡಲು ಆಗೋದು ನಮಗೆ ಯಾಕಾಗಲ್ಲ?

ಆದರೆ ಒಂದು ಎಚ್ಚರ. ಈ ಕಥೆಯಿಂದ ಬೋರ್ಡೋ ಬರೀ ಬುರುಡೆ ಅನ್ನುವ ತೀರ್ಮಾನಕ್ಕೆ ಬರಬೇಡಿ. ಇವತ್ತು ಆ ನಾಪಾ ವೈನ್ ಕೂಡ ಸಸ್ತಾ ಅಲ್ಲ. ಗೆದ್ದ ಮೇಲೆ ಅವರ ಬೆಲೆಯೂ ಏರಿತು! ಪಟ್ಟಿ ಇಲ್ಲದವರು ತಾವೇ ಪಟ್ಟಿಯಾದರು. ಇತಿಹಾಸ ಹೇಳೋ ಪಾಠ ಇದು: ಬೆಲೆ ಅನ್ನೋದು ರುಚಿಯ ಅಳತೆ ಅಲ್ಲ, ಹೆಸರಿನ ಅಳತೆ. ಎರಡೂ ಕೆಲವೊಮ್ಮೆ ಒಟ್ಟಿಗೆ ಇರುತ್ತವೆ. ಕೆಲವೊಮ್ಮೆ ಇರಲ್ಲ.

ಇದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ. ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಕೊಳವೆಯಲ್ಲಿ ವೈನ್ ಕೊಟ್ಟರು. 5 ಡಾಲರಿನ ವೈನನ್ನೇ ಒಮ್ಮೆ 5 ಡಾಲರ್ ಅಂದರು, ಇನ್ನೊಮ್ಮೆ 45 ಡಾಲರ್ ಅಂದರು. 45 ಅಂದಾಗ ಜನ ಹೆಚ್ಚು ಚೆನ್ನಾಗಿದೆ ಅಂದರು. ಬರೀ ಬಾಯಿ ಮಾತಲ್ಲ, ಮಿದುಳಿನಲ್ಲಿ ಸುಖ ಗ್ರಹಿಸುವ ಭಾಗವೂ ಹೆಚ್ಚು ಚುರುಕಾಯಿತು! ಹಾಗಾಗಿ ನನ್ನ ಗೆಳೆಯನ ತಂದೆ ಸುಳ್ಳು ಹೇಳಲಿಲ್ಲ. ರೇಟು ಕೇಳಿದ ಮೇಲೆ ಅವರಿಗೆ ನಿಜಕ್ಕೂ ಚೆನ್ನಾಗಿ ಕಂಡಿತು.

ಸರಿ, ಈಗ ಅಂಗಡಿಯ ಹುಡುಗನ ಪ್ರಶ್ನೆಗೆ ಬರೋಣ. ಬಜೆಟ್ ಎಷ್ಟು? ಈ ಇತಿಹಾಸ ಗೊತ್ತಿದ್ದರೆ ಉತ್ತರ ಹೇಗಿರಬೇಕು?

ಮೊದಲು ಕೈಯಲ್ಲಿ ಸಾವಿರ ರೂಪಾಯಿ ಇದೆ ಅನ್ನಿ. ಇಲ್ಲಿ ನೀವು ತಿಳಿಯಬೇಕಾದದ್ದು ಸುಂಕದ ಲೆಕ್ಕ. ವಿದೇಶಿ ವೈನಿಗೆ ನಮ್ಮ ದೇಶದಲ್ಲಿ ಬಹುಕಾಲ ಶೇ. 150 ಆಮದು ಸುಂಕ ಇತ್ತು. 2022ರ ಕೊನೆಯಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಆಸ್ಟ್ರೇಲಿಯಾದ ವೈನಿಗೆ ಸ್ವಲ್ಪ ಇಳಿಸಿದರು, ಅದೂ ಒಂದು ಬೆಲೆಗಿಂತ ಮೇಲಿನ ಬಾಟಲಿಗೆ ಮಾತ್ರ. ಸುಂಕದ ಮೇಲೆ ರಾಜ್ಯದ ಅಬಕಾರಿ ತೆರಿಗೆ, ಹಡಗಿನ ಬಾಡಿಗೆ, ಆಮದುದಾರನ ಲಾಭ, ಅಂಗಡಿಯವನ ಲಾಭ. ಇದೆಲ್ಲ ಕಳೆದರೆ ಸಾವಿರ ರೂಪಾಯಿಯ ವಿದೇಶಿ ಬಾಟಲಿಯ ಒಳಗಿನ ವೈನಿಗೆ ಉಳಿದದ್ದೆಷ್ಟು? ನೀವೇ ಲೆಕ್ಕ ಹಾಕಿ. ಕಡಿಮೆ ಬಜೆಟ್ಟಿನಲ್ಲಿ ವಿದೇಶಿ ಹೆಸರು ಕೊಳ್ಳೋದು ಅಂದರೆ ತೆರಿಗೆ ಕುಡಿಯೋದು.

ಅದರ ಬದಲು ಇಲ್ಲೇ ನಂದಿ ಬೆಟ್ಟದ ಕಡೆ ನೋಡಿ. 1980ರ ದಶಕದ ಕೊನೆಯಲ್ಲಿ ಗ್ರೋವರ್ ಕುಟುಂಬ ಅಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟಿತು. 1990ರ ದಶಕದಲ್ಲಿ ಅವರಿಗೆ ಸಲಹೆ ಕೊಡಲು ಬಂದವರು ಮಿಷೆಲ್ ರೋಲಾನ್. ಎಲ್ಲಿಯವರು? ಬೋರ್ಡೋದವರು! ಅಲ್ಲಿನ ದೊಡ್ಡ ದೊಡ್ಡ ತೋಟಗಳಿಗೆ ಸಲಹೆ ಕೊಡುವ ಮನುಷ್ಯ. ಆ ನೆಲದಲ್ಲಿ ಮೊದಲಿಂದ ಇದ್ದದ್ದು ನಮ್ಮ ಬೆಂಗಳೂರು ಬ್ಲೂ. ಜಿಐ ಟ್ಯಾಗ್ ಪಡೆದಿರುವ ಈ ದ್ರಾಕ್ಷಿಯಲ್ಲೂ ಅಮೆರಿಕದ ಬಳ್ಳಿಯ ರಕ್ತ ಇದೆ. ಜ್ಯೂಸಿಗೆ ಚೆನ್ನ, ಸಿಹಿ ವೈನಿಗೂ ಬಳಸ್ತಾರೆ. ಆದರೆ ಊಟದ ಜೊತೆಯ ಒಣ ರೆಡ್ ವೈನ್ ಬೇಕಾದರೆ ಲೇಬಲ್ಲಿನಲ್ಲಿ ಶಿರಾಜ್ ಅಥವಾ ಕ್ಯಾಬರ್ನೆ ಸಾವಿನ್ಯೋನ್ ಅಂತ ಇದೆಯಾ ನೋಡಿ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೇ ತಂದಿತು, ವೈನ್ ಮಂಡಳಿಯನ್ನೂ ಮಾಡಿತು. ಇಷ್ಟಾದರೂ ನಮ್ಮ ಊರುಗಳಲ್ಲಿ "ವೈನ್ಸ್" ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾರಾಟ ಆಗುತ್ತೆ, ಅದು ಬೇರೆ ಮಾತು!

ಇನ್ನೊಂದು ಮಾತು. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಅದು ಹೆಚ್ಚು ಕಾಲ ಇಡಲೆಂದೇ ಮಾಡಿದ ಕೆಲವು ವೈನಿಗೆ ಮಾತ್ರ ಸಲ್ಲುತ್ತೆ. ಕಡಿಮೆ ಬೆಲೆಯ ವೈನನ್ನು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿರ್ತಾರೆ. ಲೇಬಲ್ಲಿನಲ್ಲಿ ವರ್ಷ ನೋಡಿ, ಹೊಸದು ಕೇಳಿ. ಬಿಸಿಲು ಬೀಳುವ ಕಿಟಕಿಯಲ್ಲಿ ಅಲಂಕಾರಕ್ಕೆ ಇಟ್ಟ ಬಾಟಲಿ ಬೇಡವೇ ಬೇಡ. ಶಾಖ ವೈನನ್ನು ಕೆಡಿಸುತ್ತೆ, ಅದಕ್ಕೆ ದರ್ಜೆ ಗಿರ್ಜೆ ನೋಡೋದಿಲ್ಲ.

ಇನ್ನು ಎರಡು ಮೂರು ಸಾವಿರ ಖರ್ಚು ಮಾಡುವವರು. ಇಲ್ಲಿ ಸೂತ್ರ ಇದು: ಗುಣ ಇದ್ದು, ಹೆಸರು ಇನ್ನೂ ದುಬಾರಿಯಾಗದ ಊರನ್ನು ಹುಡುಕಿ. ಇದಕ್ಕೂ ಇತಿಹಾಸ ದಾರಿ ತೋರಿಸುತ್ತೆ. ಮಾಲ್ಬೆಕ್ ಅನ್ನೋದು ಫ್ರಾನ್ಸಿನ ಹಳೆಯ ತಳಿ. 1853ರಲ್ಲಿ ಫ್ರೆಂಚ್ ಕೃಷಿ ತಜ್ಞ ಮಿಷೆಲ್ ಪೂಜೆ ಅದನ್ನು ಅರ್ಜೆಂಟೀನಾದ ಮೆಂಡೋಸಾಕ್ಕೆ ಒಯ್ದರು. ಬೋರ್ಡೋದಲ್ಲಿ 1956ರ ಹಿಮಪಾತದಲ್ಲಿ ಆ ಬಳ್ಳಿಗಳು ಸತ್ತಾಗ ರೈತರು ಮತ್ತೆ ನೆಡಲು ಮನಸ್ಸು ಮಾಡಲಿಲ್ಲ. ಅರ್ಜೆಂಟೀನಾದಲ್ಲಿ ಅದೇ ಬಳ್ಳಿ ದೇಶದ ಗುರುತಾಯಿತು.

ಚಿಲಿಯ ಕಥೆ ಇನ್ನೂ ಚೆಂದ. ಬೋರ್ಡೋದಲ್ಲಿ ಕಾರ್ಮೆನೇರ್ ಅನ್ನುವ ತಳಿ ಇತ್ತು. ಆ ಹೇನಿನ ಮಾರಿ ಬಂದು ಹೋದ ಮೇಲೆ ಹೆಚ್ಚುಕಡಿಮೆ ಕಾಣೆಯಾಯಿತು. ಹೋಯಿತು ಅಂತಲೇ ಎಲ್ಲರೂ ಬಿಟ್ಟಿದ್ದರು. 1994ರಲ್ಲಿ ಫ್ರಾನ್ಸಿನ ತಳಿ ತಜ್ಞ ಬೂರ್ಸಿಕೋ ಚಿಲಿಯ ತೋಟವೊಂದರಲ್ಲಿ ಓಡಾಡುತ್ತಾ ಇವರು ಮೆರ್ಲೋ ಅಂತ ಬೆಳೀತಿರೋದು ಮೆರ್ಲೋ ಅಲ್ಲ, ಕಳೆದುಹೋದ ಕಾರ್ಮೆನೇರ್ ಅಂತ ಗುರುತು ಹಿಡಿದರು! ನೂರಕ್ಕೂ ಹೆಚ್ಚು ವರ್ಷ ಅದು ಇನ್ನೊಬ್ಬರ ಹೆಸರಿನಲ್ಲಿ ಬದುಕಿತ್ತು. ಮರುಭೂಮಿ, ಪರ್ವತ, ಸಮುದ್ರಗಳ ನಡುವೆ ಇರುವ ಚಿಲಿಗೆ ಆ ಹೇನು ಹೋಗಿರಲೇ ಇಲ್ಲ. ಬೋರ್ಡೋದ ಮೂಲ ಬಳ್ಳಿ, ಬೋರ್ಡೋದ ಹೆಸರಿನ ದುಡ್ಡು ಮಾತ್ರ ಇಲ್ಲ. ಮಧ್ಯಮ ಬಜೆಟ್ಟಿಗೆ ಇದಕ್ಕಿಂತ ಒಳ್ಳೆ ವ್ಯವಹಾರ ಬೇಕಾ?

ಇಲ್ಲಿ ಒಂದು ಪದದ ಬಗ್ಗೆ ಹುಷಾರು: ರಿಸರ್ವ್. ಸ್ಪೇನಿನ ರಿಯೋಹಾ ಕೆಂಪು ವೈನಿನ ಮೇಲೆ ರೆಸೆರ್ವಾ ಅಂತ ಇದ್ದರೆ ಕನಿಷ್ಠ ಮೂರು ವರ್ಷ ಹದಗೊಂಡಿರಬೇಕು, ಅದರಲ್ಲಿ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ. ಅದು ಕಾನೂನು. ಅಮೆರಿಕದ ಬಾಟಲಿಯ ಮೇಲಿನ ರಿಸರ್ವ್ ಅನ್ನೋ ಪದಕ್ಕೆ ಹಾಗೆ ಕಾನೂನಿನ ಅರ್ಥವೇ ಇಲ್ಲ. ಅದೇ ಪದ. ಒಂದು ಕಡೆ ಸಾಕ್ಷಿ, ಇನ್ನೊಂದು ಕಡೆ ಜಾಹೀರಾತು.

ಕೊನೆಯದಾಗಿ, ಎಷ್ಟಾದರೂ ಪರವಾಗಿಲ್ಲ ಅನ್ನುವವರು. ಸ್ವಾಮಿ, ವೈನ್ ಮಾಡುವ ಖರ್ಚು ಒಂದು ಮಿತಿಯಲ್ಲಿ ನಿಲ್ಲುತ್ತೆ. ಬೋರ್ಡೋ ಪೀಪಾಯಿ 225 ಲೀಟರಿನದು, ಅಂದರೆ 300 ಬಾಟಲಿ. ಹೊಸ ಪೀಪಾಯಿಗೆ ಮುಕ್ಕಾಲು ಲಕ್ಷ ರೂಪಾಯಿ ಅಂತ ಹಿಡಿದರೂ ಒಂದು ಬಾಟಲಿಗೆ ಬೀಳೋದು 250 ರೂಪಾಯಿ. ಒಳ್ಳೆ ಜಮೀನು, ಕಡಿಮೆ ಇಳುವರಿ, ಕೈಯಲ್ಲಿ ಆರಿಸಿದ ಹಣ್ಣು, ಎಲ್ಲ ಸೇರಿಸಿ. ಆಮೇಲೆ ಮೇಲೇರುವ ಸಾವಿರಗಳೆಲ್ಲ ಹೆಸರಿನದು, ಸಿಗದಿರುವುದರದು. ಕೊಡಬೇಡಿ ಅನ್ನಲ್ಲ. ಗೊತ್ತಿದ್ದು ಕೊಡಿ. ಲಿಂಚ್ ಬಾಜ್ ಅಂತ ಒಂದು ತೋಟ ಇದೆ. 1855ರ ಪಟ್ಟಿಯಲ್ಲಿ ಐದನೇ ದರ್ಜೆ. ಇವತ್ತು ಎರಡನೇ ದರ್ಜೆಯ ಹಲವು ತೋಟಗಳಿಗಿಂತ ಹೆಚ್ಚು ಬೆಲೆಗೆ ಹೋಗುತ್ತೆ. ಆ ಪಟ್ಟಿ ಹಳತಾಗಿದೆ ಅನ್ನೋದು ಕೊಳ್ಳುವವರಿಗೂ ಗೊತ್ತು.

ದುಡ್ಡಿರುವವರಿಗೆ ತಿಳಿವಳಿಕೆಯೂ ಇರುತ್ತೆ ಅಂತೀರಾ? ರೂಡಿ ಕುರ್ನಿಯವಾನ್ ಕಥೆ ಕೇಳಿ. ಅಮೆರಿಕದಲ್ಲಿ ಹರಾಜಿನಲ್ಲಿ ಅಪರೂಪದ ವೈನ್ ಮಾರುತ್ತಿದ್ದ ಯುವಕ. ಕೋಟ್ಯಧಿಪತಿಗಳೆಲ್ಲ ಅವನ ಗಿರಾಕಿಗಳು. ಕಡಿಮೆ ಬೆಲೆಯ ವೈನುಗಳನ್ನು ಮನೆಯಲ್ಲೇ ಬೆರೆಸಿ, ಹಳೆಯ ಲೇಬಲ್ ಅಂಟಿಸಿ ಮಾರುತ್ತಿದ್ದ. ಸಿಕ್ಕಿಬಿದ್ದದ್ದು ರುಚಿಯಿಂದಲ್ಲ! 2008ರ ಒಂದು ಹರಾಜಿನಲ್ಲಿ ಅವನು ಇಟ್ಟಿದ್ದ ಬಾಟಲಿಗಳ ಮೇಲೆ ಪೋನ್ಸೋ ಕುಟುಂಬದ ಹೆಸರು, 1945ರ ಇಸವಿ ಇತ್ತು. ಆ ತೋಟದ ವೈನನ್ನು ನಮ್ಮ ಕುಟುಂಬ ಮಾಡಲು ಶುರು ಮಾಡಿದ್ದೇ 1980ರ ದಶಕದಲ್ಲಿ ಅಂತ ಲಾರೆಂಟ್ ಪೋನ್ಸೋ ಫ್ರಾನ್ಸಿನಿಂದ ಬಂದು ತಡೆದರು. 2014ರಲ್ಲಿ ಕುರ್ನಿಯವಾನ್‌ಗೆ 10 ವರ್ಷ ಜೈಲು ಆಯಿತು. ಅಲ್ಲಿಯವರೆಗೆ ಎಷ್ಟೋ ಶ್ರೀಮಂತರು ಅದನ್ನು ಕುಡಿದು ಆಹಾ ಅಂದಿದ್ದರು. ಸಾವಿರ ರೂಪಾಯಿಯವನು ಮೋಸಹೋದರೆ ಸಾವಿರ ಹೋಗುತ್ತೆ. ಇವರದ್ದು?

ಹಾಗಾದರೆ ನಂಬೋದು ಯಾರನ್ನ? ಸ್ಪರಿಯರ್ ಮಾಡಿದ ಕೆಲಸವನ್ನು ನೀವೂ ಮಾಡಬಹುದು. ಅದಕ್ಕೆ ಪ್ಯಾರಿಸ್ ಬೇಡ. ನಾಲ್ಕು ಜನ ಸೇರುವ ದಿನ, ಬೇರೆ ಬೇರೆ ಬೆಲೆಯ ಮೂರು ಬಾಟಲಿ ತನ್ನಿ. ಹಳೇ ಪೇಪರಿನಲ್ಲಿ ಸುತ್ತಿ, ನಂಬರ್ ಹಾಕಿ, ಸುರಿದು ಕೊಡಿ. ನಾಲಿಗೆ ಏನು ಹೇಳುತ್ತೋ ಬರೆದಿಡಿ. ಆಮೇಲೆ ಪೇಪರ್ ಬಿಚ್ಚಿ. ನಿಮಗೆ ಹಿಡಿಸಿದ್ದು ದುಬಾರಿಯದೇ ಆದರೆ ಸಂತೋಷ, ಧೈರ್ಯವಾಗಿ ಕೊಳ್ಳಿ. ಅಗ್ಗದ್ದಾದರೆ ಇನ್ನೂ ಸಂತೋಷ.

ನಾನೂ ಮಾಡಿ ನೋಡಿದೆ, ಅದೇ ಗೆಳೆಯನ ಮನೆಯಲ್ಲಿ. ಮೂರು ಬಾಟಲಿ, ಮೂರಕ್ಕೂ ಪೇಪರ್. ಗೆಳೆಯನ ತಂದೆ ನಿಧಾನವಾಗಿ ಮೂರನ್ನೂ ಹೀರಿ, ಎರಡನೆಯದರ ಮೇಲೆ ಬೆರಳಿಟ್ಟರು. "ಇದೇ ಕಣಪ್ಪ, ಇದರ ಮುಂದೆ ಮಿಕ್ಕಿದ್ದು ಏನೂ ಇಲ್ಲ."

ಪೇಪರ್ ಬಿಚ್ಚಿದೆ. ಮೂರರಲ್ಲಿ ಅಗ್ಗದ್ದು ಅದೇ. ನಮ್ಮ ನಂದಿ ಬೆಟ್ಟದ ಕಡೆಯದು.

ಅವರು ಕನ್ನಡಕ ಹಾಕಿಕೊಂಡು ಬಾಟಲಿ ಹಿಡಿದು, ತಿರುಗಿಸಿ ತಿರುಗಿಸಿ ಬೆಲೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಂಗಡಿಯವನು ರೇಟು ತಪ್ಪು ಹಾಕಿದ್ದಾನೆ ಅನ್ಸುತ್ತೆ."